ಎಲುಬು ಕೀಲುಗಳ ಕ್ಷಯ



ಕ್ಷಯವೆಂದೊಡನೆ ನಮಗೆ ನೆನಪಾಗುವುದು ಕೆಮ್ಮು. ಆದರೆ ಕೆಮ್ಮಿಲ್ಲದ ಕ್ಷಯವೂ ಒಂದುಂಟು. ಅದು ಎಲುಬನ್ನೂ ಕೀಲನ್ನೂ ಸದ್ದಿಲ್ಲದೆ ತಿನ್ನುತ್ತದೆ. ನಾವು ವೈದ್ಯರಲ್ಲ. ಆದರೂ ಲಿಂಗಸುಗೂರಿನಿಂದ ಮಸ್ಕಿಯ ಮೇಲೆ ಹಾದು ಸಿಂಧನೂರಿಗೆ ಹೋಗುವವರು, ತುಂಗಭದ್ರೆಯ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ಸೊಂಟ ಬಗ್ಗಿಸಿ ಸಸಿ ನಾಟುವ ಹೆಂಗಸರ ಸಾಲನ್ನು ಕಂಡಿದ್ದರೆ, ಈ ವಿಷಯವನ್ನು ವೈದ್ಯರಿಗೇ ಬಿಟ್ಟು ಸುಮ್ಮನಿರಲಾರರು. ಅಲ್ಲಿ ಬೆನ್ನುನೋವನ್ನು ರೋಗವೆನ್ನುವವರು ಕಡಮೆ. ಅದು ಕೂಲಿಯ ಜೊತೆಗೆ ಬಂದದ್ದು.

ರೋಗವೇನೋ ಬಹಳ ಹಳೆಯದು. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಇರುವುದು 1915ರಲ್ಲಿ ಬೆಳಕಿಗೆ ಬಂದಿತಷ್ಟೆ. ಆ ಹೆಸರನ್ನು ಕೊರೆಯುವುದಕ್ಕೆ ಏಳೆಂಟು ಶತಮಾನ ಮೊದಲೇ ಈಜಿಪ್ಟಿನ ಒಬ್ಬ ಪುರೋಹಿತನ ಬೆನ್ನು ಈ ರೋಗದಿಂದ ಗೂನಾಗಿದ್ದಿತು. ಅವನ ಶವವನ್ನು ವಿದ್ವಾಂಸರು 1910ರಲ್ಲಿ ವರ್ಣಿಸಿದರು. ಗೂನುಬೆನ್ನಿಗೂ ಕಾಲಿನ ಬಲಹೀನತೆಗೂ ಇರುವ ನಂಟನ್ನು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1779ರಲ್ಲಿ ಬರೆದಿಟ್ಟನು. ರೋಗಾಣುವನ್ನು ಕಾಖ್ ಮಹಾಶಯನು ಪ್ರಕಟಪಡಿಸಿದ್ದು 1882ರಲ್ಲಿ.

ಈ ರೋಗಾಣು ಸಾಮಾನ್ಯವಾಗಿ ಶ್ವಾಸಕೋಶದಲ್ಲಿ ಮೊದಲು ಮನೆಮಾಡಿ, ರಕ್ತದೊಡನೆ ಹೊರಟು ಎಲುಬಿನಲ್ಲಿ ತಂಗುತ್ತದೆ. ತಂಗಿದ ಮೇಲೆ ವರ್ಷಗಳ ಕಾಲ ನಿದ್ರಿಸುವುದೂ ಉಂಟು. ಎಲುಬು ಕೀಲುಗಳ ಕ್ಷಯರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಪೆಟ್ಟು ಬೀಳುವುದು ಬೆನ್ನುಮೂಳೆಗೆ. ಅಕ್ಕಪಕ್ಕದ ಎರಡು ಮಣಿಗಳ ಮುಂಭಾಗ ಸವೆದು ಕುಸಿದಾಗ ಬೆನ್ನು ಮುಂದಕ್ಕೆ ಬಾಗಿ ಹಿಂದೆ ಗೂನು ಏಳುತ್ತದೆ. ಒಳಗಿನ ಬೆನ್ನುಹುರಿ ಅದುಮಿದರೆ ಕಾಲು ಸೋಲುತ್ತದೆ. ಕೀವು ಮಾಂಸದ ಜಾಡು ಹಿಡಿದು ಇಳಿದು ತೊಡೆಸಂದಿನಲ್ಲಿ ಗಂಟಾಗಿ ಕಾಣಿಸಿಕೊಳ್ಳಬಹುದು. ಆ ಗಂಟು ಬಿಸಿಯಿಲ್ಲ, ಕೆಂಪಿಲ್ಲ, ತಣ್ಣಗಿರುತ್ತದೆ. ತಣ್ಣಗಿರುವುದನ್ನು ಕಂಡು ಜನ ಹೆದರುವುದಿಲ್ಲ; ಹೆದರಬೇಕಾದದ್ದು ಅದಕ್ಕೇ. ಲೇಪ ಹಚ್ಚಿ, ಬರೆ ಹಾಕಿಸಿ ತಿಂಗಳುಗಳು ಕಳೆಯುತ್ತವೆ.

ಹಾಗಾದರೆ ಕೂಲಿಯ ನೋವನ್ನೂ ಈ ನೋವನ್ನೂ ಬೇರೆಮಾಡುವುದು ಹೇಗೆ? ದುಡಿಮೆಯ ನೋವು ಮಲಗಿದರೆ ಸಾಮಾನ್ಯವಾಗಿ ತಗ್ಗುತ್ತದೆ. ಇದು ಮಲಗಿದರೂ ಬಿಡದು, ವಾರಗಳು ಕಳೆದರೂ ಹೋಗದು. ಜೊತೆಗೆ ಸಂಜೆಯ ಸಣ್ಣ ಜ್ವರ, ರಾತ್ರಿಯ ಬೆವರು, ಮೈ ಇಳಿಯುವುದು ಇರಬಹುದು, ಇಲ್ಲದೆಯೂ ಇರಬಹುದು. ಮಕ್ಕಳಲ್ಲಿ ಸೊಂಟದ ಕೀಲಿಗೆ ತಗಲಿದಾಗ ನೋವು ಮೊಣಕಾಲಿನಲ್ಲಿ ಕಾಣಿಸುವುದೂ ಉಂಟು. ಹಗಲಲ್ಲಿ ಕುಂಟುವ ಮಗು ನಿದ್ದೆಯಲ್ಲಿ ಚೀರಿದರೆ ತಾಯಿ ಕನಸೆಂದು ತಟ್ಟಿ ಮಲಗಿಸುತ್ತಾಳೆ. ಬಿಗಿಹಿಡಿದಿದ್ದ ಮಾಂಸವು ನಿದ್ದೆಯಲ್ಲಿ ಸಡಿಲಿ, ಹುಣ್ಣಾದ ಕೀಲು ಅಲುಗಿತೆಂಬುದು ಆಕೆಗೆ ಹೇಗೆ ತಿಳಿಯಬೇಕು? ಆರಂಭದಲ್ಲಿ ಎಕ್ಸ್-ರೇ ಚಿತ್ರವೂ ಏನೂ ಇಲ್ಲವೆಂದೇ ಹೇಳಬಹುದು. ಒಮ್ಮೆ ಚಿತ್ರ ತೆಗೆಸಿದೆವೆಂದು ಸಮಾಧಾನಪಡದೆ ಮತ್ತೆ ತೋರಿಸಬೇಕು.

ಲಿಂಗಸುಗೂರು ತಾಲ್ಲೂಕಿನಲ್ಲಿಯೇ ಹಟ್ಟಿಯ ಚಿನ್ನದ ಗಣಿ ಇದೆ. ಕಲ್ಲು ಕೊರೆಯುವಾಗ ಏಳುವ ಧೂಳು ಯಾವ ಗಣಿಯಲ್ಲೇ ಆಗಲಿ ಶ್ವಾಸಕೋಶವನ್ನು ಕ್ಷಯಕ್ಕೆ ಸುಲಭವಾಗಿ ಒಪ್ಪಿಸಿಬಿಡುತ್ತದೆ. ಅಲ್ಲಿ ದುಡಿದವರ ಬೆನ್ನುನೋವನ್ನಂತೂ ಅಲಕ್ಷಿಸಕೂಡದು.

ಔಷಧವುಂಟು, ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಹಣವಿಲ್ಲ. ಹಲವರಿಗೆ ಶಸ್ತ್ರಕ್ರಿಯೆಯೂ ಬೇಡ. ಆದರೆ ಶ್ವಾಸಕೋಶದ ಕ್ಷಯಕ್ಕೆ ಆರು ತಿಂಗಳಾದರೆ ಎಲುಬಿಗೆ ಸಾಮಾನ್ಯವಾಗಿ ಹನ್ನೆರಡು. ತೊಡಕು ಇಲ್ಲಿಯೇ. ನೋವು ಮೂರು ನಾಲ್ಕು ತಿಂಗಳಲ್ಲಿ ತಗ್ಗುತ್ತದೆ; ಸುಗ್ಗಿ ಮುಗಿಯುತ್ತದೆ; ಮಳೆ ಕೈಕೊಟ್ಟ ಊರಿನ ಮನೆಮಂದಿ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮಾತ್ರೆ ಊರಿನ ಆಸ್ಪತ್ರೆಯಲ್ಲಿ ಉಳಿಯುತ್ತದೆ; ಅರ್ಧ ಸತ್ತ ರೋಗಾಣು ಅವರ ಜೊತೆಗೆ ಹೋಗುತ್ತದೆ. ಅದು ಮತ್ತೆ ಎದ್ದಾಗ ಹಳೆಯ ಔಷಧಕ್ಕೆ ಬಗ್ಗದಿರಬಹುದು.

ಇವರು ಗುಳೆ ಹೋಗಬಾರದೆಂದು ಹೇಳಲು ನಮಗೇನು ಅಧಿಕಾರ? ಹೋಗುವ ಮುನ್ನ ಆಸ್ಪತ್ರೆಯಲ್ಲಿ ಒಂದು ಮಾತು ತಿಳಿಸಬೇಕು, ಅಷ್ಟೆ. ನಿಕ್ಷಯ್ ಎಂಬ ದಾಖಲೆಯಲ್ಲಿ ರೋಗಿಗೊಂದು ಸಂಖ್ಯೆಯುಂಟು. ಅದನ್ನು ತೋರಿಸಿ ಬೇರೆ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿಯೂ ಔಷಧವನ್ನು ಮುಂದುವರಿಸಬಹುದು. ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರಿನಲ್ಲಿ 1000ಕ್ಕೆ ಏರಿಸಿದರು. ಬೆಂಗಳೂರಿನಲ್ಲಿ ಮನೆ ಕಟ್ಟಿಸುತ್ತಿರುವ ಶ್ರೋತೃಗಳು, ಇಟ್ಟಿಗೆ ಹೊರುವ ಸಿಂಧನೂರಿನ ಆಳು ಬೆನ್ನು ಹಿಡಿದು ಕುಳಿತಾಗ, ಈ ಸಂಖ್ಯೆಯ ಚೀಟಿ ಅವನ ಬಳಿ ಇದೆಯೇ ಎಂದು ಒಮ್ಮೆ ಕೇಳಬಹುದು.