ಮಾತು ಹೋದರೂ ಮನಸ್ಸು ಹೋಗುವುದಿಲ್ಲ

ಮಕ್ಕಳೇ, ಈ ವಾಕ್ಯವನ್ನೊಮ್ಮೆ ಗಟ್ಟಿಯಾಗಿ ಓದಿ ನೋಡಿ: ‘ಅಮ್ಮ ಬಿಸಿ ಅನ್ನಕ್ಕೆ ಸಾರು ಹಾಕಿ, ತಟ್ಟೆಯ ಅಂಚಿಗೆ ಒಂದಿಷ್ಟು ಕಿಟಕಿ ಬಡಿಸಿದಳು.’

‘ಕಿಟಕಿ’ ಬಂದ ಕೂಡಲೇ ತಡವರಿಸಿದಿರಲ್ಲವೇ? ಉಪ್ಪಿನಕಾಯಿಯೋ ಹಪ್ಪಳವೋ ಬರುತ್ತದೆಂದು ನಿಮ್ಮ ಮಿದುಳು ಆಗಲೇ ಕಾದು ಕೂತಿತ್ತು. ಈ ತಡವರಿಕೆಯನ್ನು ಅಳೆದವರೂ ಇದ್ದಾರೆ. 1980ರಲ್ಲಿ ಅಮೆರಿಕದ ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್‌ಯಾರ್ಡ್ ಎಂಬ ವಿಜ್ಞಾನಿಗಳು ಓದುವವರ ತಲೆಯ ಮೇಲೆ ಸಣ್ಣ ತಂತಿಗಳನ್ನು ಅಂಟಿಸಿ, ಇಂಥ ವಾಕ್ಯಗಳನ್ನು ಒಂದೊಂದೇ ಪದವಾಗಿ ಪರದೆಯ ಮೇಲೆ ತೋರಿಸಿದರು. ಹೊಂದದ ಪದ ಕಂಡು ಸುಮಾರು 0.4 ಸೆಕೆಂಡಿಗೆಲ್ಲ ಮಿದುಳಿನಲ್ಲಿ ವಿದ್ಯುತ್ತಿನ ಒಂದು ಅಲೆ ಏಳುತ್ತಿತ್ತು. ಅಂದರೆ ಅರ್ಧ ಸೆಕೆಂಡು ಕಳೆಯುವುದರೊಳಗೆ ಮಿದುಳು ಅಕ್ಷರ ಗುರುತಿಸಿ, ಪದ ಹುಡುಕಿ, ಅರ್ಥ ತೆಗೆದು, ಹಿಂದಿನ ಪದಗಳ ಜೊತೆ ಅದನ್ನು ಕೂಡಿಸಿ ನೋಡಿಯೂ ಆಗಿರುತ್ತದೆ.

ಇಷ್ಟೊಂದು ಕೆಲಸ ಮಿದುಳಿನಲ್ಲಿ ಎಲ್ಲೆಲ್ಲಿ ನಡೆಯುತ್ತದೆ? ಅದನ್ನು ಮೊದಲು ತೋರಿಸಿಕೊಟ್ಟವರು ಮಾತು ಕಳೆದುಕೊಂಡ ರೋಗಿಗಳು. ಅವರಲ್ಲಿ ಒಬ್ಬನ ಕತೆ ನೀವು ಕೇಳಲೇಬೇಕು.

ಅವನ ಹೆಸರು ಲೂಯಿ ವಿಕ್ಟರ್ ಲೆಬೋರ್ನ್. ಚಿಕ್ಕಂದಿನಿಂದಲೂ ಅವನಿಗೆ ಮೂರ್ಛೆರೋಗವಿತ್ತು. ಮೂವತ್ತರ ವಯಸ್ಸಿನ ಹೊತ್ತಿಗೆ ಮಾತು ನಿಂತುಹೋಗಿ, ಪ್ಯಾರಿಸ್ಸಿನ ಬಳಿಯ ಬಿಸೆತ್ರ್ ಆಸ್ಪತ್ರೆ ಸೇರಿದ. ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದುದು ‘ತಾನ್, ತಾನ್’ ಅಷ್ಟೇ. ಹಾಗಾಗಿ ಆಸ್ಪತ್ರೆಯವರೆಲ್ಲ ಅವನನ್ನು ತಾನ್ ಎಂದೇ ಕರೆಯುತ್ತಿದ್ದರು. ಆಮೇಲಾಮೇಲೆ ಬಲಗೈ, ಬಲಗಾಲುಗಳ ಶಕ್ತಿಯೂ ಹೋಯಿತು. 1861ರ ಏಪ್ರಿಲ್‌ನಲ್ಲಿ ಕಾಲಿಗೆ ಕೆಟ್ಟ ಸೋಂಕು ತಗುಲಿ, ಪಾಲ್ ಬ್ರೋಕಾ ಎಂಬ ಶಸ್ತ್ರವೈದ್ಯರ ಬಳಿಗೆ ಬಂದ.

ಬ್ರೋಕಾ ಅವನನ್ನು ತಾಳ್ಮೆಯಿಂದ ಮಾತನಾಡಿಸಿದರು. ಈ ಆಸ್ಪತ್ರೆಯಲ್ಲಿ ಎಷ್ಟು ವರ್ಷದಿಂದ ಇದ್ದೀಯ ಎಂದು ಕೇಳಿದಾಗ ಅವನು ಎಡಗೈಯ ಐದೂ ಬೆರಳನ್ನು ನಾಲ್ಕು ಸಲ ಬಿಚ್ಚಿ ತೋರಿಸಿದ. ಕೊನೆಗೆ ಒಂದೇ ಬೆರಳು ಎತ್ತಿದ. ಲೆಕ್ಕ ಹಾಕಿ: ಇಪ್ಪತ್ತೊಂದು! ಉತ್ತರ ಸರಿಯಾಗಿತ್ತು. ಪ್ರಶ್ನೆ ಅವನಿಗೆ ಅರ್ಥವಾಗಿತ್ತು, ಲೆಕ್ಕ ಗೊತ್ತಿತ್ತು, ನೆನಪೂ ಇತ್ತು. ಹೇಳುವ ಪದ ಮಾತ್ರ ಬರುತ್ತಿರಲಿಲ್ಲ. ಇಪ್ಪತ್ತೊಂದು ವರ್ಷ ಹೀಗೆ ಬದುಕುವುದೆಂದರೆ ಏನೆಂದು ಯೋಚಿಸಿ.

ಕೆಲವೇ ದಿನಗಳಲ್ಲಿ ಅವನು ತೀರಿಕೊಂಡ. ಬ್ರೋಕಾ ಅವನ ಮಿದುಳನ್ನು ಪರೀಕ್ಷಿಸಿದಾಗ ಎಡಭಾಗದಲ್ಲಿ, ಹಣೆಯ ಹಿಂದೆ, ಕೋಳಿಮೊಟ್ಟೆಯಷ್ಟು ಜಾಗ ಹಾಳಾಗಿತ್ತು. ಆ ಪ್ರದೇಶವನ್ನು ಇಂದಿಗೂ ಬ್ರೋಕಾ ಪ್ರದೇಶ ಎಂದೇ ಕರೆಯುತ್ತಾರೆ. ಆ ಮಿದುಳನ್ನು ಪ್ಯಾರಿಸ್ಸಿನಲ್ಲಿ ಕಾಪಾಡಿಟ್ಟಿದ್ದರಿಂದ, 2007ರಲ್ಲಿ ಅದನ್ನು ಎಂಆರ್‌ಐ ಯಂತ್ರದಲ್ಲಿಟ್ಟು ನೋಡಲು ಸಾಧ್ಯವಾಯಿತು. ಪೆಟ್ಟು ಬ್ರೋಕಾ ಕಂಡದ್ದಕ್ಕಿಂತ ಬಹಳ ಆಳಕ್ಕೆ ಇಳಿದಿತ್ತು. ಮಾತಿಗೆಂದು ಮಿದುಳಿನಲ್ಲಿ ಒಂದೇ ಕೋಣೆ ಇಲ್ಲ. ಹಲವು ಭಾಗಗಳು, ಅವುಗಳ ನಡುವೆ ಹಾಯುವ ನರತಂತುಗಳು ಎಲ್ಲವೂ ಸೇರಿದರೆ ಮಾತ್ರ ಮಾತು.

1874ರಲ್ಲಿ ಕಾರ್ಲ್ ವೆರ್ನಿಕೆ ಎಂಬ ಜರ್ಮನ್ ವೈದ್ಯ ಇದಕ್ಕೆ ತದ್ವಿರುದ್ಧವಾದ ತೊಂದರೆಯನ್ನು ವಿವರಿಸಿದರು. ಆಗ ಅವರಿಗೆ 26 ವರ್ಷ. ಅವರು ಕಂಡ ರೋಗಿಗಳು ಸರಾಗವಾಗಿ ಮಾತಾಡುತ್ತಿದ್ದರು, ಆದರೆ ಮಾತಿಗೆ ಅರ್ಥವಿರುತ್ತಿರಲಿಲ್ಲ. ಬೇರೆಯವರು ಹೇಳಿದ್ದೂ ತಿಳಿಯುತ್ತಿರಲಿಲ್ಲ. ಕನ್ನಡದಲ್ಲಾದರೆ ‘ನಿನ್ನೆ ಆ ಮೇಜನ್ನು ಕುಡಿದು ಬಿಸಿಲಿಗೆ ಹೇಳಿಬಿಟ್ಟೆ, ಗೊತ್ತಲ್ವಾ’ ಎಂಬಂತಿರುತ್ತದೆ. ಇಲ್ಲಿ ಪೆಟ್ಟು ಬಿದ್ದಿರುವುದು ಎಡಗಿವಿಯ ಮೇಲ್ಗಡೆ, ಸ್ವಲ್ಪ ಹಿಂದಕ್ಕೆ.

ತಾನ್‌ಗೆ ಆದ ಬಗೆಯ ಪೆಟ್ಟು ಸ್ವಲ್ಪ ಹಗುರವಾಗಿದ್ದರೆ ಕೆಲವು ಪದಗಳು ಉಳಿಯುತ್ತವೆ, ಪ್ರತ್ಯಯಗಳು ಉದುರಿಹೋಗುತ್ತವೆ. ‘ನಾಯಿ ಬೆಕ್ಕನ್ನು ಅಟ್ಟಿಸಿತು’, ‘ನಾಯಿಯನ್ನು ಬೆಕ್ಕು ಅಟ್ಟಿಸಿತು’: ಎರಡರಲ್ಲೂ ನಾಯಿ ಮೊದಲು, ಬೆಕ್ಕು ಆಮೇಲೆ. ಓಡಿದ್ದು ಯಾರು ಎಂದು ಹೇಳುವುದು ಆ ಪುಟ್ಟ ‘ಅನ್ನು’. ಅದು ಕೈಕೊಟ್ಟಾಗ ‘ನಾಯಿ... ಬೆಕ್ಕು... ಓಡು...’ ಎನ್ನುವಷ್ಟರಲ್ಲೇ ಬೆವರು ಬರುತ್ತದೆ. ಮಿದುಳಿನ ಪೆಟ್ಟಿನಿಂದ ಹೀಗೆ ಭಾಷೆ ಕೆಡುವುದಕ್ಕೆ ವೈದ್ಯರು ಅಫೇಸಿಯಾ ಎನ್ನುತ್ತಾರೆ. ಬಹಳ ಸಲ ಇದಕ್ಕೆ ಕಾರಣ ಪಾರ್ಶ್ವವಾಯು, ಅಂದರೆ ಮಿದುಳಿನ ರಕ್ತನಾಳ ಕಟ್ಟಿಕೊಳ್ಳುವುದು ಅಥವಾ ಒಡೆಯುವುದು.

ಇದು ನಾಲಿಗೆಯ ಕಾಯಿಲೆಯಲ್ಲ ಎನ್ನುವುದಕ್ಕೆ ನನಗೆ ತುಂಬ ಹಿಡಿಸಿದ ಸಾಕ್ಷಿ ಬೇರೊಂದಿದೆ. ಕಿವುಡರು ಕೈಸನ್ನೆಯ ಭಾಷೆಯಲ್ಲಿ ಮಾತಾಡುತ್ತಾರಷ್ಟೆ. ಅವರಲ್ಲಿಯೂ ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ಸನ್ನೆಯ ಭಾಷೆ ಕೆಡುತ್ತದೆ ಎಂದು ಅರ್ಸುಲಾ ಬೆಲ್ಲೂಜಿ ಮತ್ತು ಸಂಗಡಿಗರು 1980ರ ದಶಕದಲ್ಲಿ ತೋರಿಸಿದರು. ಕೈ ಆಡುತ್ತದೆ, ಕಣ್ಣು ಕಾಣುತ್ತದೆ. ಸನ್ನೆಗಳು ಮಾತ್ರ ವಾಕ್ಯವಾಗುವುದಿಲ್ಲ.

ಸ್ವೀಡನ್ನಿನ ಕವಿ ಟೊಮಾಸ್ ಟ್ರಾನ್ಸ್‌ಟ್ರೋಮರ್ ಅವರಿಗೆ 1990ರಲ್ಲಿ ಪಾರ್ಶ್ವವಾಯುವಾಗಿ ಮಾತು ಬಹುಪಾಲು ಹೋಯಿತು, ಬಲಗೈಯೂ ಸೋತಿತು. ಅವರು ಎಡಗೈಯಲ್ಲೇ ಪಿಯಾನೊ ನುಡಿಸಿದರು, ಕವಿತೆಯನ್ನೂ ಬಿಡಲಿಲ್ಲ. 2011ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಮಾತನಾಡಲಾಗದ ಕೆಲವರು ಹಾಡಬಲ್ಲರು ಎಂಬುದನ್ನು ಗಮನಿಸಿ, ರಾಗದ ಮೂಲಕ ಪದಗಳನ್ನು ಮರಳಿ ತರುವ ಚಿಕಿತ್ಸೆಯೂ ಇದೆ. ನಮ್ಮ ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತಿನ ತೊಂದರೆಗಳಿಗೆ ಚಿಕಿತ್ಸೆ ಕೊಡುವುದನ್ನೇ ಓದಿ ಕಲಿಯುತ್ತಾರೆ.

ಮನೆಯಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಬಾಯಿ ಒಂದು ಕಡೆಗೆ ವಾಲಿದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಕೂಡಲೇ ದೊಡ್ಡವರನ್ನು ಕೂಗಿ, 108ಕ್ಕೆ ಫೋನ್ ಮಾಡಿಸಿ. ಅದು ಪಾರ್ಶ್ವವಾಯು ಇರಬಹುದು. ರಕ್ತನಾಳ ಕಟ್ಟಿಕೊಂಡಿದ್ದರೆ, ರಕ್ತದ ಗಡ್ಡೆ ಕರಗಿಸುವ ಔಷಧಿ ಮೊದಲ ಕೆಲವೇ ಗಂಟೆಗಳಲ್ಲಿ ಸಿಗಬೇಕು. ಅಫೇಸಿಯಾ ಇರುವ ತಾತನೋ ಅಜ್ಜಿಯೋ ಎದುರಿಗಿದ್ದರೆ ನಿಧಾನವಾಗಿ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಮಾತಾಡಿ. ಕಾಫಿ ಬೇಕೋ ಹಾಲು ಬೇಕೋ ಎಂದು ಲೋಟ ತೋರಿಸಿ ಕೇಳಿ. ಕಾಗದ, ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ. ಅವರು ಪದಕ್ಕಾಗಿ ಹುಡುಕುತ್ತಿರುವಾಗ ನೀವೇ ಅವಸರದಿಂದ ವಾಕ್ಯ ಮುಗಿಸಬೇಡಿ, ಕಾಯಿರಿ.