ಹಲ್ಲಿಗೆ ನ್ಯಾನೋ ಸಿಮೆಂಟು: ಉಪಯೋಗವೇನು, ಎಚ್ಚರವೇನು?

(ಗುಡೇಮಾರನಹಳ್ಳಿಯಲ್ಲಿ ರೋಗಿಗಳಿಗೂ ಅವರ ಬಂಧುಗಳಿಗೂ ನೀಡಿದ ಉಪನ್ಯಾಸ)



‘ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ’ ಎಂಬ ಗಾದೆ ನಿಮಗೆ ಗೊತ್ತೇ ಇದೆ. ಹುಳುಕು ಹಲ್ಲನ್ನು ಕೀಳಿಸದೆ ಉಳಿಸಿಕೊಳ್ಳಲು ಈಗ ಒಳ್ಳೆಯ ಸಾಮಗ್ರಿಗಳಿವೆ. ಆದರೆ ‘ನ್ಯಾನೋ’ ಎಂದೊಡನೆ ಕೆಲವರು ಹೆದರುತ್ತಾರೆ. ಇನ್ನು ಕೆಲವರು ಅದೇ ಶ್ರೇಷ್ಠವೆಂದು ಸಾಲ ಮಾಡಿ ಹಾಕಿಸಿಕೊಳ್ಳುತ್ತಾರೆ. ಎರಡೂ ಬೇಡ.

ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗವೇ ನ್ಯಾನೋಮೀಟರ್. ತಲೆಗೂದಲಿನ ದಪ್ಪ ಸುಮಾರು 80 ಸಾವಿರ ನ್ಯಾನೋಮೀಟರ್. ಹಲ್ಲಿನ ಬಣ್ಣದ ಸಿಮೆಂಟಿನಲ್ಲಿ ಅಂಟಿನಂತಹ ರಾಳದೊಳಗೆ ಸಿಲಿಕಾ, ಜಿರ್ಕೋನಿಯಾ ಕಣಗಳನ್ನು ಬೆರೆಸಿರುತ್ತಾರೆ. ಕಣ ಸಣ್ಣದಾದಷ್ಟೂ ನುಣುಪು ಚೆನ್ನಾಗಿ ಬರುತ್ತದೆ, ಹೊಳಪು ಬಹುದಿನ ನಿಲ್ಲುತ್ತದೆ. ಆದರೂ ಅದು ಶಾಶ್ವತವಲ್ಲ. ಸರಿಯಾಗಿ ಹಲ್ಲುಜ್ಜದಿದ್ದರೆ ಅದರ ಅಂಚಿನಲ್ಲೇ ಮತ್ತೆ ಹುಳುಕು ಹಿಡಿಯುತ್ತದೆ.

ಬೇರುನಾಳ ಚಿಕಿತ್ಸೆಯಾದ ಮೇಲೂ ಕೆಲವರಿಗೆ ನೋವು ಮರುಕಳಿಸುತ್ತದೆ. ಹಲ್ಲಿನೊಳಗಿನ ಸೂಕ್ಷ್ಮ ಕೊಳವೆಗಳಲ್ಲಿ ಅಡಗಿದ ಕ್ರಿಮಿಗಳು ಇದಕ್ಕೆ ಒಂದು ಕಾರಣ. ಕಬ್ಬಿಣ ಲೇಪಿಸಿದ ಸಿಲಿಕಾದ ಸುರುಳಿಗಳನ್ನು ಆಯಸ್ಕಾಂತದ ಬಲದಿಂದ ಅಲ್ಲಿಗೆ ನಡೆಸಿ, ಶಾಖದಿಂದ ಕ್ರಿಮಿಗಳನ್ನು ಕೊಲ್ಲಬಹುದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2022ರಲ್ಲಿ ತೋರಿಸಿದರು. ಇದು ನಮ್ಮ ನಾಡಿಗೆ ಹೆಮ್ಮೆಯ ಸಂಗತಿ. ಆದರೆ ಆ ಪ್ರಯೋಗ ನಡೆದದ್ದು ಕಿತ್ತ ಹಲ್ಲುಗಳಲ್ಲಿ ಎಂಬುದನ್ನು ಮರೆಯಬೇಡಿ.

ಇನ್ನು ಎಚ್ಚರದ ಮಾತು. ಗಟ್ಟಿಯಾದ ಸಿಮೆಂಟಿನಲ್ಲಿ ಕಣಗಳು ರಾಳದೊಳಗೆ ಭದ್ರವಾಗಿರುತ್ತವೆ. ಉಜ್ಜಿ ನುಣುಪು ಮಾಡುವಾಗ ಅಥವಾ ಹಳೆಯದನ್ನು ಕೊರೆಯುವಾಗ ಧೂಳು ಏಳುತ್ತದೆ. ಅತಿ ಸಣ್ಣ ಧೂಳು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲದು. ನಿಮಗಿಂತ ಹೆಚ್ಚಾಗಿ, ದಿನವಿಡೀ ಅಲ್ಲೇ ದುಡಿಯುವ ವೈದ್ಯರಿಗೂ ಸಹಾಯಕರಿಗೂ ಅದರ ಸೋಂಕು ತಗಲುತ್ತಿರುತ್ತದೆ. ಅದಕ್ಕೇ ನೀರು ಚಿಮುಕಿಸಿ, ಹೀರುವ ನಳಿಕೆ ಇಟ್ಟು ಕೆಲಸ ಮಾಡುತ್ತಾರೆ. ಆ ನಳಿಕೆಯನ್ನು ತಳ್ಳಬೇಡಿ. ಉಬ್ಬಸ, ಅಲರ್ಜಿ ಇದ್ದರೆ ಮೊದಲೇ ಹೇಳಿ.

ಬೆಳ್ಳಿ ಬಣ್ಣದ ಹಳೆಯ ಸಿಮೆಂಟಿನಲ್ಲಿ ಪಾದರಸವಿರುತ್ತದೆ. ಪಾದರಸದ ಬಳಕೆ ತಗ್ಗಿಸುವ 2013ರ ಮಿನಮಾಟ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರಿದೆ. ಹಾಗೆಂದು ಗಟ್ಟಿಯಾಗಿರುವ ಹಳೆಯದನ್ನು ಕಾರಣವಿಲ್ಲದೆ ತೆಗೆಸಬೇಡಿ; ಕೊರೆಯುವಾಗಲೇ ಪಾದರಸದ ಆವಿ ಹೆಚ್ಚಾಗಿ ಹೊರಬೀಳುತ್ತದೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ತಪ್ಪದೆ ವೈದ್ಯರಿಗೆ ತಿಳಿಸಬೇಕು.

ಕುರ್ಚಿಯಲ್ಲಿ ಕೂರುವ ಮುನ್ನ ಮೂರು ಮಾತು ಕೇಳಿ: ಏನು ತುಂಬುತ್ತೀರಿ? ನನ್ನ ಹಲ್ಲಿಗೆ ಇದೇ ಏಕೆ ಬೇಕು? ಕಡಿಮೆ ಖರ್ಚಿನದು ಸಾಕಾಗುವುದಿಲ್ಲವೇ? ಕೇಳಲು ಸಂಕೋಚ ಬೇಡ. ಹಲ್ಲು ನಿಮ್ಮದು.