‘ನನಗ ಸೀಟ ಸಿಗತೈತೇನ್ರಿ?’

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



‘ವಿದೇಶದಲ್ಲಿ ಉನ್ನತ ಶಿಕ್ಷಣ’ ಎಂಬ ವಿಷಯ ಕೊಟ್ಟಿದ್ದಾರೆ. ಇಷ್ಟು ದೊಡ್ಡ ವಿಷಯದ ಮೇಲೆ ಮಾತಾಡುವ ಯೋಗ್ಯತೆ ನನಗಿಲ್ಲ. ನನಗೆ ಗೊತ್ತಿರುವುದು ಅದರ ಒಂದು ಮೂಲೆ: ಹೊರದೇಶದ ಬಿಜಿನೆಸ್ ಸ್ಕೂಲಿಗೆ, ಅಂದರೆ ಎಂಬಿಎ ಓದಲು, ನಮ್ಮಂಥವರಿಗೆ ಸೀಟು ಸಿಗುತ್ತದೆಯೋ ಇಲ್ಲವೋ ಎಂದು ಅಂದಾಜು ಹಾಕುವುದು. ಅದನ್ನೇ ಹೇಳುತ್ತೇನೆ.

ಇದಕ್ಕೊಂದು ಕಾರಣವಿದೆ. ಹೋದ ಸಲ ಗೊಡಚಿ ಜಾತ್ರೆಗೆ ಬಂದಾಗ ಮುಂಜಾನೆ ಮನೆಗೆ ಒಬ್ಬ ಹುಡುಗಿ ಬಂದಳು. ನಮ್ಮ ಶಾಲೆಯಲ್ಲೇ ಕಲಿತವಳು. ಇಂಜಿನಿಯರಿಂಗ್ ಮುಗಿಸಿ ಬೆಳಗಾವಿಯಲ್ಲಿ ನೌಕರಿ ಸೇರಿ ಒಂದು ವರ್ಷವಾಗಿತ್ತು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಅಂಕಪಟ್ಟಿಗಳು. ಹಿಂದೆ ಅವರಪ್ಪ. ಅವಳು ಕೇಳಿದ್ದು ಒಂದೇ ಮಾತು: ‘ಅಣ್ಣಾರ, ನನಗ ಸೀಟ ಸಿಗತೈತೇನ್ರಿ?’ ನಾನು ಅಂಕಪಟ್ಟಿ ನೋಡುತ್ತಿದ್ದಂತೆ ಅವರಪ್ಪ ಅಂಗಿಯ ಕಿಸೆಯಿಂದ ಇನ್ನೊಂದು ಕಾಗದ ತೆಗೆದರು. ಹೊಲದ ಉತಾರ. ‘ನಾಕ ಎಕರೆ ಐತ್ರಿ. ಗಿರಾಕಿ ಬಂದಾರ. ನೀವ ಹೂಂ ಅಂದ್ರ ಕೊಟ್ಟಬಿಡತೇನಿ’ ಅಂದರು.

ಒಬ್ಬ ಮನುಷ್ಯನ ನಾಲ್ಕು ಎಕರೆ ನನ್ನ ‘ಹೂಂ’ ಮೇಲೆ ನಿಂತಿದೆ ಎಂದಾಗ ನನಗೆ ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಈ ಶಾಲೆಯಲ್ಲಿ ನಮಗೆ ಗಣಿತ ಕಲಿಸಿದ ಗುರುಗಳು ಲೆಕ್ಕ ಬಿಡಿಸುವ ಮೊದಲು ಉತ್ತರದ ಅಂದಾಜು ಕೇಳುತ್ತಿದ್ದರು. ‘ನೂರರ ಒಳಗ ಬರತೈತೋ, ಸಾವಿರ ದಾಟತೈತೋ, ಅಷ್ಟರ ಹೇಳಲೇ’ ಅನ್ನುತ್ತಿದ್ದರು. ಅಂದಾಜು ತಪ್ಪಿದರೆ ಬೈಯುತ್ತಿರಲಿಲ್ಲ, ಅಂದಾಜೇ ಹಾಕದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನಾನು ಅದನ್ನು ಲೆಕ್ಕದಲ್ಲಿ ಕಲಿತೆ, ಬಾಳಿನಲ್ಲಿ ಮರೆತೆ. ಅದರ ದಂಡ ಕಟ್ಟಿದ್ದೇನೆ. ಹೇಳುತ್ತೇನೆ.

2000ದಲ್ಲಿ ಇಲ್ಲಿಂದ ಎಸ್ಸೆಸ್ಸೆಲ್ಸಿ ಮುಗಿಸಿ ಹೋದೆ. ಕನ್ನಡ ಮಾಧ್ಯಮ. ಪಿಯುಸಿ ರಾಮದುರ್ಗದಲ್ಲಿ. ಆಮೇಲೆ ಬಿಇ, ಅದರಲ್ಲಿ ನೂರಕ್ಕೆ 61. ಬೆಂಗಳೂರಿನ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ನಾಲ್ಕು ವರ್ಷ ದುಡಿದೆ. 2010ರಲ್ಲಿ ನನಗೆ ಎಂಬಿಎ ಹುಚ್ಚು ಹಿಡಿಯಿತು. ಬೆಂಗಳೂರಿನಲ್ಲೇ ಇರುವ ಐಐಎಂ ಅಲ್ಲ, ಧಾರವಾಡದ ಕೌಸಾಳಿ ಸಂಸ್ಥೆಯೂ ಅಲ್ಲ, ಹೊರದೇಶವೇ ಆಗಬೇಕು.

ಅದಕ್ಕೆ ಜಿಮ್ಯಾಟ್ ಎಂಬ ಪರೀಕ್ಷೆ ಇದೆ. ಆಗ 800ಕ್ಕೆ ಅಂಕ ಕೊಡುತ್ತಿದ್ದರು. ನನಗೆ ಬಂದದ್ದು 590. ಗಣಿತ ಚೆನ್ನಾಗಿಯೇ ಆಗಿತ್ತು, ಇಂಗ್ಲಿಷು ಕೈಕೊಟ್ಟಿತ್ತು. ಒಬ್ಬ ಸಲಹೆಗಾರನ ಬಳಿ ಹೋದೆ. ‘ನೂರಕ್ಕೆ ನೂರು ಸೀಟು ಗ್ಯಾರಂಟಿ’ ಅಂದ. ದೊಡ್ಡ ಹೆಸರಿನ ನಾಲ್ಕು ಕಡೆ ಅರ್ಜಿ ಹಾಕಿದೆ. ನಾಲ್ಕೂ ಕಡೆಯಿಂದ ‘ಇಲ್ಲ’ ಎಂದು ಬಂತು. ಅರ್ಜಿಯ ಶುಲ್ಕ, ಪರೀಕ್ಷೆಯ ಶುಲ್ಕ, ಸಲಹೆಗಾರನ ರೊಕ್ಕ, ಎಲ್ಲ ಸೇರಿ ನನ್ನ ಮೂರು ತಿಂಗಳ ಸಂಬಳ ಹೋಯಿತು. ಹೊರದೇಶದ ಎಷ್ಟೋ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಯನ್ನು ತಂದುಕೊಟ್ಟ ಏಜೆಂಟರಿಗೆ ಕಮಿಷನ್ ಕೊಡುತ್ತವೆ ಎಂಬುದು ನನಗೆ ಆಮೇಲೆ ತಿಳಿಯಿತು. ದಲಾಲಿಯನ್ನೇ ಕೇಳಿ ಉಳ್ಳಾಗಡ್ಡಿಯ ದರ ನಿಶ್ಚಯಿಸಿದ ಹಾಗೆ ಆಯಿತು ನನ್ನ ಕಥೆ.

ಈಗ ಸೀಟಿನ ಲೆಕ್ಕಕ್ಕೆ ಬರೋಣ. ಹಾರ್ವರ್ಡ್ ಬಿಜಿನೆಸ್ ಸ್ಕೂಲು 1908ರಲ್ಲಿ ಶುರುವಾದದ್ದು. 2024ರಲ್ಲಿ ಅಲ್ಲಿಗೆ ಬಂದ ಅರ್ಜಿ 9,800ಕ್ಕೂ ಹೆಚ್ಚು, ಸೇರಿದವರು 930. ಅಂದರೆ ಹತ್ತಕ್ಕೆ ಒಬ್ಬರು. ಹಾಗಾದರೆ ನನಗೂ ಹತ್ತರಲ್ಲಿ ಒಂದು ಪಾಲು ಅವಕಾಶವಿದೆ ಎಂದು ನಾನು ತಿಳಿದಿದ್ದೆ. ಅದು ತಪ್ಪು. ಇದು ಲಾಟರಿ ಚೀಟಿಯಲ್ಲ. ಒಂದೇ ಮಳೆ ಬಿದ್ದರೂ ಎರೆಹೊಲದ ಇಳುವರಿ ಬೇರೆ, ಮಡ್ಡಿ ಹೊಲದ ಇಳುವರಿ ಬೇರೆ. ಊರಿನ ಸರಾಸರಿ ಇಳುವರಿ ಹೇಳಿ ನನ್ನ ಹೊಲದ ಜೋಳ ತೂಗಲು ಬರುವುದಿಲ್ಲ. ಆ ಶಾಲೆಗಳು ತರಗತಿಯಲ್ಲಿ ನಾನಾ ದೇಶದವರು, ನಾನಾ ಕೆಲಸದವರು ಇರಬೇಕೆಂದು ಬಯಸುತ್ತವೆ. ಭಾರತದಿಂದ ಅರ್ಜಿ ಹಾಕುವವರಲ್ಲಿ ಇಂಜಿನಿಯರುಗಳದೇ ದಂಡು. ಹೀಗಾಗಿ ನಮ್ಮ ಸ್ಪರ್ಧೆ ಜಗತ್ತಿನ ಜೊತೆಗಿಂತ ಹೆಚ್ಚಾಗಿ ನಮ್ಮಂಥವರ ಜೊತೆಗೇ. ‘ನಮ್ಮಲ್ಲಿ ಸೇರಿದವರ ನಡುವಿನ ಅಂಕ ಇಷ್ಟು’ ಎಂದು ಶಾಲೆ ಬರೆದಿದ್ದರೆ, ನಮ್ಮವರು ಅದಕ್ಕಿಂತ ಸ್ವಲ್ಪ ಮೇಲಿದ್ದರೇ ಲೇಸು.

2023ರ ನವೆಂಬರಿನಿಂದ ಜಿಮ್ಯಾಟ್ ಹೊಸ ರೂಪದಲ್ಲಿ ಬಂದಿದೆ. ಗಣಿತ, ಭಾಷೆ, ಅಂಕಿಅಂಶ ಓದಿ ಅರ್ಥಮಾಡಿಕೊಳ್ಳುವುದು, ಹೀಗೆ ಮೂರು ಭಾಗ. ಒಂದೊಂದಕ್ಕೆ 45 ನಿಮಿಷ. ಅಂಕ 205ರಿಂದ 805ರವರೆಗೆ. ಹಳೆಯ 700 ಅಂದರೆ ಹೊಸದರಲ್ಲಿ ಸುಮಾರು 645. ಇದು ತಿಳಿಯದೆ ‘ನನಗೆ 645 ಅಷ್ಟೇ ಬಂತು’ ಎಂದು ಮುಖ ಸಣ್ಣ ಮಾಡಿಕೊಂಡ ಹುಡುಗರನ್ನು ನೋಡಿದ್ದೇನೆ. ಇಂಗ್ಲಿಷಿನ ಪರೀಕ್ಷೆ ಬೇರೆ ಇರುತ್ತದೆ. ಐಇಎಲ್‌ಟಿಎಸ್ ಆದರೆ ಒಂಬತ್ತಕ್ಕೆ ಏಳರ ಆಸುಪಾಸು ಕೇಳುತ್ತಾರೆ. ಕನ್ನಡ ಮಾಧ್ಯಮದವರಿಗೆ ಆಗುತ್ತದೆ. ನಾನು ಒಂದು ವರ್ಷ ನಸುಕಿನಲ್ಲಿ ಎದ್ದು ಇಂಗ್ಲಿಷ್ ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದೆ. ಕೋಣೆಯ ಗೆಳೆಯ ಎರಡು ತಿಂಗಳಿಗೇ ಬೇರೆ ಕೋಣೆ ಹುಡುಕಿಕೊಂಡ.

ಎರಡನೆಯ ಸಲ ಜಿಮ್ಯಾಟಿನಲ್ಲಿ 680 ಬಂತು. ಆದರೆ ಅಂಕಕ್ಕಿಂತ ದೊಡ್ಡ ವ್ಯತ್ಯಾಸ ಆದದ್ದು ಬರಹದಲ್ಲಿ. ಈ ಶಾಲೆಗಳು ಪ್ರಬಂಧ ಬರೆಸುತ್ತವೆ: ನೀನು ಯಾರು, ಏನು ಮಾಡಿದ್ದಿ, ಯಾಕೆ ಬರುತ್ತಿ. ಮೊದಲನೆಯ ಸಲ ಯಾರೋ ಬರೆದದ್ದನ್ನು ನೋಡಿ ‘ಜಗತ್ತಿನ ನಾಯಕನಾಗಬೇಕು’ ಎಂದು ಬರೆದಿದ್ದೆ. ಎರಡನೆಯ ಸಲ ಅಪ್ಪನ ಉಳ್ಳಾಗಡ್ಡಿ ಬಗ್ಗೆ ಬರೆದೆ. ಒಂದು ವರ್ಷ ಅಪ್ಪ ಯಶವಂತಪುರದ ಮಾರುಕಟ್ಟೆಗೆ ಲಾರಿಯಲ್ಲಿ ಉಳ್ಳಾಗಡ್ಡಿ ತಂದರು. ಮಾರಿದ ದುಡ್ಡು ಲಾರಿ ಬಾಡಿಗೆ, ಹಮಾಲಿ, ಚೀಲದ ಖರ್ಚಿಗೇ ಹೋಯಿತು. ಅಪ್ಪ ನನ್ನ ಕೋಣೆಗೆ ಬಂದು, ಊಟ ಮಾಡಿ, ಊರಿಗೆ ಹೋಗಲು ಬಸ್ಸಿನ ಚಾರ್ಜು ನನ್ನ ಕೈಯಿಂದಲೇ ಇಸಿದುಕೊಂಡರು. ಅದೇ ವಾರ ನಾನು ಕಾರ್ಖಾನೆಯಲ್ಲಿ ಬೋಲ್ಟು-ನಟ್ಟುಗಳ ದರವನ್ನು ಪೈಸೆ ಪೈಸೆ ಎಳೆದು ಕಂಪನಿಗೆ ಲಕ್ಷ ಉಳಿಸಿದ್ದೆ. ಈ ಎರಡನ್ನೂ ಅಕ್ಕಪಕ್ಕ ಇಟ್ಟು, ಮಾಲು ಸಾಗಿಸುವ ಲೆಕ್ಕ ಕಲಿಯಬೇಕಾಗಿದೆ ಎಂದು ಬರೆದೆ. ಸಂದರ್ಶನದಲ್ಲಿ ಅವರು ನನ್ನ ಅಂಕದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಇಪ್ಪತ್ತು ನಿಮಿಷ ಉಳ್ಳಾಗಡ್ಡಿಯೇ.

ಶಿಫಾರಸು ಪತ್ರದ ಬಗ್ಗೆ ಒಂದು ಮಾತು. ‘ಎಮ್ಮೆಲ್ಲೆ ಸಾಹೇಬರ ಲೆಟರ ತಂದ್ರ ನಡೀತೈತೇನ್ರಿ’ ಎಂದು ಕೇಳಿದವರಿದ್ದಾರೆ. ನಡೆಯುವುದಿಲ್ಲ. ನಿಮ್ಮ ಕೆಲಸವನ್ನು ಕಣ್ಣಾರೆ ಕಂಡ ಮೇಲಧಿಕಾರಿಯ ಪತ್ರ ಬೇಕು.

ಆ ಸಲ ಮೂರು ಕಡೆ ಅರ್ಜಿ ಹಾಕಿದೆ. ನಮ್ಮ ಹೊಲದ ಬದುವಿನ ಹುಣಸೆಮರ ನೆನಪಿಟ್ಟುಕೊಂಡು ಆರಿಸಿದೆ: ನಿಂತಲ್ಲೇ ಕೈಗೆಟುಕುವುದೊಂದು, ಜಿಗಿದರೆ ಸಿಗುವುದೊಂದು, ಏಣಿ ಬೇಕಾಗುವುದೊಂದು. ಜಿಗಿದದ್ದು ಸಿಕ್ಕಿತು. ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯ, ಒಂದು ವರ್ಷದ ಕೋರ್ಸು, ಫೀಯಲ್ಲಿ ಕಾಲು ಭಾಗ ಮಾಫಿ.

ಇಲ್ಲಿಗೆ ಮುಗಿಸಿದರೆ ನೀವು ಚಪ್ಪಾಳೆ ಹೊಡೆದು ಕಳಿಸುತ್ತೀರಿ. ಆದರೆ ನಾನು ತಪ್ಪಿದ ಅಂದಾಜು ಇಲ್ಲಿಂದಲೇ ಶುರು.

ಸಾಲ ಬೇಕಾಯಿತು, 18 ಲಕ್ಷ. ಅಪ್ಪ ಉತಾರ ತೆಗೆದುಕೊಂಡು ಬ್ಯಾಂಕಿಗೆ ಬಂದರು. 2002ರ ಸರ್ಫೇಸಿ ಕಾಯ್ದೆ ಕೃಷಿಭೂಮಿಗೆ ಅನ್ವಯಿಸುವುದಿಲ್ಲ. ವಸೂಲಿ ಕಷ್ಟವೆಂದು ಬ್ಯಾಂಕುಗಳು ಇಂಥ ಸಾಲಕ್ಕೆ ಹೊಲವನ್ನು ಒತ್ತೆ ಹಿಡಿಯಲು ಒಪ್ಪುವುದು ಅಪರೂಪ. ನಮ್ಮ ಕಡೆಯ ಅಪ್ಪಂದಿರು ಹೊಲ ಮಾರುವ ಮಾತಾಡುವುದು ಇದಕ್ಕೇ: ಅದನ್ನು ಅಡ ಇಡಲು ಬರುವುದಿಲ್ಲ. ಕೊನೆಗೆ ನನ್ನ ಸೋದರಮಾವ ಬೆಳಗಾವಿಯ ತಮ್ಮ ಮನೆಯ ಕಾಗದ ಕೊಟ್ಟರು. ಅತ್ತೆ ಒಳಗೆ ಅಡಿಗೆಮನೆಯಲ್ಲಿ ಅಳುತ್ತಿದ್ದದ್ದು ನನಗೆ ಕೇಳಿಸಿತು. ಕೇಳಿಸಲಿಲ್ಲವೆಂಬಂತೆ ಕಾಗದ ತೆಗೆದುಕೊಂಡು ಬಂದೆ.

ಓದು ಮುಗಿದ ಮೇಲೆ ಅಲ್ಲೇ ಎರಡು ವರ್ಷ ಕೆಲಸ ಮಾಡಿ ಸಾಲ ತೀರಿಸಬಹುದು ಎಂಬುದು ನನ್ನ ಲೆಕ್ಕ. ಆ ವೀಸಾವನ್ನು ಅಲ್ಲಿನ ಸರಕಾರ 2012ರ ಏಪ್ರಿಲಿನಲ್ಲಿ ಮುಚ್ಚಿತು. ನಾನು ವಿಮಾನ ಹತ್ತಿದ್ದು ಸೆಪ್ಟೆಂಬರಿನಲ್ಲಿ. ಗೊತ್ತಿರಲಿಲ್ಲವೇ ಎಂದು ಕೇಳುತ್ತೀರಿ. ಗೊತ್ತಿತ್ತು. 2011ರ ಮಾರ್ಚಿನಲ್ಲೇ ಘೋಷಣೆ ಆಗಿತ್ತು, ಪೇಪರಿನಲ್ಲಿ ಓದಿದ್ದೆ. ಏನಾದರೂ ದಾರಿ ಆದೀತು ಅಂದುಕೊಂಡೆ. ಸೀಟು ಸಿಗುವ ಸಾಧ್ಯತೆಯನ್ನು ಮೂರು ವರ್ಷ ಅಳೆದೂ ಅಳೆದೂ ನೋಡಿದವನು ಆಮೇಲಿನದನ್ನು ಒಂದು ಸಂಜೆಯೂ ಅಳೆಯಲಿಲ್ಲ. ನಾನು ಹೋದಾಗ ಪೌಂಡಿಗೆ 87 ರೂಪಾಯಿಯ ಆಸುಪಾಸು ಇದ್ದದ್ದು ಮರಳುವ ಹೊತ್ತಿಗೆ 100 ದಾಟಿತ್ತು. ಬೆಂಗಳೂರಿನಲ್ಲಿ 55 ಸಾವಿರದ ಕೆಲಸ ಸಿಕ್ಕಿತು. ಕಂತು ತಿಂಗಳಿಗೆ 37 ಸಾವಿರ ಚಿಲ್ಲರೆ. ಕೊನೆಯ ಕಂತು ಕಟ್ಟಿದ್ದು 2021ರ ಮಾರ್ಚಿನಲ್ಲಿ. ಅಷ್ಟು ವರ್ಷ ಮಾವನ ಮನೆಗೆ ಹಬ್ಬಕ್ಕೆ ಹೋದರೆ ನನಗೆ ಆ ಗೋಡೆಗಳೇ ಕಾಣುತ್ತಿದ್ದವು. ತಮಾಷೆ ನೋಡಿ, ಅದೇ ವರ್ಷ ಜುಲೈಯಲ್ಲಿ ಇಂಗ್ಲೆಂಡ್ ಆ ಎರಡು ವರ್ಷದ ಅವಕಾಶವನ್ನು ಮತ್ತೆ ಶುರುಮಾಡಿತು. ಈಗ ಅದನ್ನು 18 ತಿಂಗಳಿಗೆ ಇಳಿಸಲು ಹೊರಟಿದೆ. ಅಮೆರಿಕದ ಎಚ್‌-1ಬಿ ವೀಸಾ ವರ್ಷಕ್ಕೆ 65 ಸಾವಿರ, ಅಲ್ಲಿನ ಸ್ನಾತಕೋತ್ತರರಿಗೆ ಇನ್ನೂ 20 ಸಾವಿರ. ಅದಕ್ಕಂತೂ ಚೀಟಿ ಎತ್ತುವ ಪದ್ಧತಿಯೇ ಇದೆ.

ಓದಿದ್ದು ವ್ಯರ್ಥವಾಯಿತೇ? ಇಲ್ಲ. ಇಂದು ನಾನು ಮಾಡುವ ಕೆಲಸ, ಮಾಲು ಸಾಗಾಣಿಕೆಯ ಲೆಕ್ಕ, ಅಲ್ಲಿಯೇ ಕಲಿತದ್ದು. ಒಳ್ಳೆಯ ಸಂಬಳ ಬರತೊಡಗಿದ್ದು ಐದು ವರ್ಷದ ಮೇಲೆ ಅಷ್ಟೇ.

ದುಡ್ಡಿನ ಸಹಾಯ ಇಲ್ಲವೆಂದಲ್ಲ. ಪರಿಶಿಷ್ಟ ಜಾತಿ-ಪಂಗಡದ ಮಕ್ಕಳಿಗೆ ರಾಜ್ಯ ಸರಕಾರದ ಪ್ರಬುದ್ಧ ಯೋಜನೆ, ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇವೆ. ನಿಯಮ ಬದಲಾಗುತ್ತಿರುತ್ತವೆ, ಇಲಾಖೆಯಲ್ಲೇ ಕೇಳಿರಿ, ಏಜೆಂಟನನ್ನಲ್ಲ. ಹಾರ್ವರ್ಡಿನ ಫೀ ಒಂದು ವರ್ಷಕ್ಕೇ 75 ಸಾವಿರ ಡಾಲರ್ ದಾಟುತ್ತದೆ ನಿಜ. ಆದರೆ ಅಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಮನೆಯ ಸ್ಥಿತಿ ನೋಡಿ ನೆರವು ಕೊಡುತ್ತಾರೆ. ಅತಿ ಬಡವರಿಗೆ ಪೂರ್ತಿ ಫೀ ಬಿಡುವುದಾಗಿ 2022ರಲ್ಲಿ ಸಾರಿದ್ದಾರೆ. ಬಡವನಿಗೆ ಕೆಲವು ಸಲ ಸಣ್ಣ ಶಾಲೆಗಿಂತ ದೊಡ್ಡ ಶಾಲೆಯೇ ಅಗ್ಗ ಬೀಳುತ್ತದೆ, ಒಳಗೆ ಹೋಗುವುದಾದರೆ.

ಆ ಹುಡುಗಿಗೆ ಏನು ಹೇಳಿದೆ ಎಂದು ಕೇಳಬೇಕಲ್ಲ. ಅಂಕ ಚೆನ್ನಾಗಿದ್ದವು, ನನಗಿಂತ ಎಷ್ಟೋ ಮೇಲು. ಆದರೆ ನೌಕರಿಯ ಅನುಭವ ಒಂದೇ ವರ್ಷ. ಇಂಥ ಶಾಲೆಗಳಲ್ಲಿ ನಾಲ್ಕೈದು ವರ್ಷ ದುಡಿದವರೇ ಹೆಚ್ಚು. ‘ತಂಗೀ, ಈಗ ಹಾಕಿದ್ರ ಸಿಗೂದು ಕಷ್ಟ. ಮೂರು ವರ್ಷ ಬಿಟ್ಟು ಹಾಕಿದ್ರ ಸಿಗಬಹುದು. ಅಷ್ಟರಾಗ ಜಿಮ್ಯಾಟ್ ಬರಿ, ನಿನ್ನ ಕೈಯಾಗ ನಾಕು ಮಂದಿ ಕೆಲಸ ಮಾಡೂವಂಥ ಜವಾಬ್ದಾರಿ ಕೇಳಿ ಇಸ್ಕೋ’ ಅಂದೆ. ಅವಳ ಮುಖ ಬಾಡಿತು. ಅವರಪ್ಪನ ಮುಖ ಅರಳಿತು. ಆ ಮನುಷ್ಯ ಉತಾರವನ್ನು ನಾಲ್ಕು ಮಡಿಕೆ ಮಾಡಿ ಮತ್ತೆ ಕಿಸೆಯೊಳಗೆ ಇಟ್ಟುಕೊಂಡರು.

ಮೊನ್ನೆ ಅವಳು ಫೋನ್ ಮಾಡಿದ್ದಳು. ಜಿಮ್ಯಾಟ್ ಬರೆದಿದ್ದಾಳೆ, 615. ಇನ್ನೊಮ್ಮೆ ಬರೆಯುತ್ತಾಳಂತೆ. ಇಂದು ಈ ಸಭೆಯಲ್ಲೇ ಎಲ್ಲೋ ಕುಳಿತಿದ್ದಾಳೆ, ಹೆಸರು ಹೇಳುವುದಿಲ್ಲ.

ನಾನು ಸೋಮವಾರದವರೆಗೆ ಊರಲ್ಲಿರುತ್ತೇನೆ. ಯಾರಿಗಾದರೂ ಕೇಳುವುದಿದ್ದರೆ ಮುಂಜಾನೆ ಮನೆಗೆ ಬರ್ರಿ. ಅಂಕಪಟ್ಟಿ ತರ್ರಿ, ಮನೆಯ ಆದಾಯ-ಸಾಲದ ಲೆಕ್ಕ ಒಂದು ಹಾಳೆಯಲ್ಲಿ ಬರೆದು ತರ್ರಿ. ಹೊಲದ ಉತಾರ ಮಾತ್ರ ಟ್ರಂಕಿನೊಳಗ ಇಟ್ಟು ಬರ್ರಿ.